ಒಂದೇ ಪ್ರಶ್ನೆಪತ್ರಿಕೆ

ತಕ್ಕಡಿಯು ಹಣ್ಣಿನ ತೂಕವನ್ನು ಹೇಳುತ್ತದೆಯೇ ಹೊರತು ಅದರ ರುಚಿಯನ್ನು ಹೇಳುವುದಿಲ್ಲ. ಆದರೂ ತಕ್ಕಡಿಯಿಲ್ಲದ ಸಂತೆಯಲ್ಲಿ ನ್ಯಾಯವಿರಲಾರದು. ಮಕ್ಕಳ ಕಲಿಕೆಯನ್ನು ಅಳೆಯುವ ಪರೀಕ್ಷೆಗಳಿಗೂ ಈ ಮಾತು ಸಲ್ಲುತ್ತದೆ. ಬೇರೆ ಬೇರೆ ಶಾಲೆಗಳ ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಪ್ರಶ್ನೆಗಳನ್ನು, ಒಂದೇ ಅವಧಿಯನ್ನು ಕೊಟ್ಟು, ಉತ್ತರಗಳನ್ನು ಒಂದೇ ಕ್ರಮದಿಂದ ಬೆಲೆಕಟ್ಟುವ ಪರೀಕ್ಷೆಗೆ ಪ್ರಮಾಣೀಕೃತ ಪರೀಕ್ಷೆ ಎಂದು ಹೆಸರು. ಅದು ಏನನ್ನು ತಿಳಿಸಬಲ್ಲದು, ಏನನ್ನು ತಿಳಿಸಲಾರದು ಎಂಬುದನ್ನು ಅರಿಯಲು ಅದರ ಪೂರ್ವರೂಪವೊಂದನ್ನು ನೋಡಬೇಕು. ಅದು ಅಮೆರಿಕದ ಬಾಸ್ಟನ್ ನಗರದಲ್ಲಿ 1845ರಲ್ಲಿ ನಡೆಯಿತು.

ಅಂದು ಬಾಸ್ಟನ್ನಿನ ಸಾರ್ವಜನಿಕ ಶಾಲೆಗಳಿಗೆ ದೊಡ್ಡ ಕೀರ್ತಿಯಿತ್ತು. ವರ್ಷಕ್ಕೊಮ್ಮೆ ಶಾಲಾ ಸಮಿತಿಯ ಸದಸ್ಯರು ಬಂದು ಬಾಯಿಮಾತಿನಲ್ಲಿ ಕೆಲವು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಪಾಠವನ್ನು ಕಂಠಸ್ಥ ಮಾಡಿದ್ದ ಮಕ್ಕಳು ಎದ್ದುನಿಂತು ಒಪ್ಪಿಸುತ್ತಿದ್ದರು. ಒಬ್ಬನಿಗೆ ಸುಲಭವಾದ ಪ್ರಶ್ನೆ, ಇನ್ನೊಬ್ಬನಿಗೆ ಕಠಿಣವಾದ ಪ್ರಶ್ನೆ. ಹಲವರಿಗೆ ಪ್ರಶ್ನೆಯೇ ಇಲ್ಲ. ನೋಡಲು ಬಂದವರು ತಲೆದೂಗಿ ಹಿಂದಿರುಗುತ್ತಿದ್ದರು.

ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನ್ ಅವರಿಗೆ ಈ ಕ್ರಮದಲ್ಲಿ ನಂಬಿಕೆಯಿರಲಿಲ್ಲ. ಅವರು 1843ರಲ್ಲಿ ಯೂರೋಪಿನ ಶಾಲೆಗಳನ್ನು ಸಂದರ್ಶಿಸಿ ಬಂದು, ಪ್ರಷ್ಯದ ಬೋಧನಕ್ರಮವನ್ನು ಹೊಗಳಿ ವರದಿ ಬರೆದಾಗ, ಬಾಸ್ಟನ್ನಿನ 31 ಮಂದಿ ಉಪಾಧ್ಯಾಯರು ಅದನ್ನು ಖಂಡಿಸಿ ಪುಸ್ತಕವನ್ನೇ ಪ್ರಕಟಿಸಿದರು. ಈ ವಾದವಿವಾದದ ನಡುವೆ ಮ್ಯಾನ್ ಅವರ ಮಿತ್ರರೂ ಅಂಧ ಮಕ್ಕಳ ಶಿಕ್ಷಣಕ್ಕಾಗಿ ಪ್ರಸಿದ್ಧರೂ ಆದ ಸ್ಯಾಮ್ಯುಯೆಲ್ ಹೌ ಅವರು ಶಾಲಾ ಸಮಿತಿಯ ಸದಸ್ಯರಾದರು. ಚರಿತ್ರೆ, ಭೂಗೋಳ, ಗಣಿತ, ವ್ಯಾಕರಣ ಮೊದಲಾದ ವಿಷಯಗಳಲ್ಲಿ ಮುದ್ರಿತ ಪ್ರಶ್ನೆಪತ್ರಿಕೆಗಳು ಸಿದ್ಧವಾದವು. ಒಂದೊಂದು ವಿಷಯಕ್ಕೆ ಒಂದೊಂದು ಗಂಟೆಯ ಅವಧಿ. ಮೇಲಿನ ತರಗತಿಯ ಸುಮಾರು 530 ವಿದ್ಯಾರ್ಥಿಗಳು ಉತ್ತರ ಬರೆದರು. ವಯಸ್ಸಿನಲ್ಲಿ ಅವರು ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳ ಮಕ್ಕಳನ್ನು ಹೋಲುತ್ತಿದ್ದರು.

ಫಲಿತಾಂಶವು ನಗರವನ್ನು ದಿಗ್ಭ್ರಮೆಗೊಳಿಸಿತು. ಬರಬಹುದಾಗಿದ್ದ 57,873 ಉತ್ತರಗಳಲ್ಲಿ ಸರಿಯಾದವು 17,216 ಮಾತ್ರ. ಎಂದರೆ ಶೇಕಡಾ 30ರಷ್ಟೂ ಇಲ್ಲ. ಅಂಕಿಗಳಿಗಿಂತಲೂ ಉತ್ತರಗಳ ಸ್ವರೂಪವು ಹೆಚ್ಚು ಬೋಧಪ್ರದವಾಗಿತ್ತು. ಅಧ್ಯಕ್ಷ ಜೆಫರ್‌ಸನ್ನರು 1807ರಲ್ಲಿ ಹಡಗುಗಳ ವ್ಯಾಪಾರಕ್ಕೆ ವಿಧಿಸಿದ ನಿರ್ಬಂಧದ ದಿನಾಂಕವನ್ನು ಬಲ್ಲ ಮಕ್ಕಳಿದ್ದರು. ಆ ನಿರ್ಬಂಧವೆಂದರೆ ಏನೆಂಬುದನ್ನು ಅವರು ಅರಿಯರು. ಶಬ್ದವು ನಾಲಗೆಯ ಮೇಲಿತ್ತು, ಅರ್ಥವು ಮನಸ್ಸಿಗೆ ಇಳಿದಿರಲಿಲ್ಲ. ತಪ್ಪು ಮಕ್ಕಳದಲ್ಲ, ಕಲಿಸಿದ ಕ್ರಮದ್ದು ಎಂದು ಸಮಿತಿಯು ಬಗೆಯಿತು.

ಇನ್ನೂ ಗಂಭೀರವಾದ ವಿಷಯವೊಂದು ಹೊರಬಿದ್ದಿತು. ಬಾಸ್ಟನ್ನಿನ ಕರಿಯ ಜನರ ಮಕ್ಕಳಿಗೆ ಸ್ಮಿತ್ ಶಾಲೆ ಎಂಬ ಪ್ರತ್ಯೇಕ ಶಾಲೆಯಿತ್ತು. ಅದರ ಫಲಿತಾಂಶ ತೀರ ಕೆಳಮಟ್ಟದ್ದಾಗಿತ್ತು. ಈ ಮಕ್ಕಳ ಬುದ್ಧಿಯೇ ಅಷ್ಟು ಎಂದು ಸಮಿತಿಯು ತೀರ್ಮಾನಿಸಬಹುದಾಗಿತ್ತು. ಹಾಗೆ ಮಾಡದೆ, ಕಲಿಸುವವರಿಗೆ ಈ ಮಕ್ಕಳ ಸಾಮರ್ಥ್ಯದಲ್ಲಿ ನಂಬಿಕೆ ಸಾಲದೆಂದು ವರದಿಯು ಸ್ಪಷ್ಟವಾಗಿ ನುಡಿಯಿತು. ಕರಿಯ ತಂದೆತಾಯಿಗಳು ಪ್ರತ್ಯೇಕ ಶಾಲೆಯ ವಿರುದ್ಧ ಬಹುಕಾಲ ಹೋರಾಡಿದರು. ಕೊನೆಗೆ 1855ರಲ್ಲಿ ರಾಜ್ಯದ ಕಾನೂನು ಅಂತಹ ಪ್ರತ್ಯೇಕತೆಯನ್ನು ನಿಷೇಧಿಸಿತು. ಅಂಕವು ಮಗುವಿನ ಹಣೆಬರಹವಲ್ಲ. ಅದು ಕಾರಣವನ್ನು ಹುಡುಕಬೇಕಾದ ಸ್ಥಳವನ್ನು ತೋರಿಸುವ ಕೈಮರ.

ಆದರೆ ಬಾಸ್ಟನ್ನಿನಲ್ಲಿಯೇ ಈ ಸಾಧನದ ಅಪಾಯವೂ ಗೋಚರವಾಯಿತು. ಶಾಲೆಗಳ ಫಲಿತಾಂಶವನ್ನು ಪಟ್ಟಿಮಾಡಿ ಪ್ರಕಟಿಸಲಾಯಿತು. ಕೆಲವು ಮುಖ್ಯೋಪಾಧ್ಯಾಯರು ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಅಂಕಗಳಿಗೆ ಇಂತಹ ಭಯವು ಅಂಟಿಕೊಂಡರೆ, ಪ್ರಶ್ನೆಗೆ ಬರಬಹುದಾದುದನ್ನಷ್ಟೇ ಕಲಿಸುವ ಮೋಹವು ಹುಟ್ಟುತ್ತದೆ. ಆಗ ಯಾವ ಕಂಠಪಾಠವನ್ನು ಬಯಲಿಗೆಳೆಯಲು ಪರೀಕ್ಷೆಯು ಹುಟ್ಟಿತೋ ಅದೇ ಕಂಠಪಾಠವು ಪರೀಕ್ಷೆಯ ಹೆಸರಿನಲ್ಲಿಯೇ ಮರಳಿ ಬರುತ್ತದೆ.

ಈ ಅಪಾಯವನ್ನು ತಗ್ಗಿಸುವ ಉಪಾಯವೊಂದು ನಮ್ಮ ದೇಶದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿದೆ. 2021ರ ನವೆಂಬರ್ 12ರಂದು ನಡೆದ ಸಮೀಕ್ಷೆಯಲ್ಲಿ 3, 5, 8 ಮತ್ತು 10ನೆಯ ತರಗತಿಗಳ ಸುಮಾರು 34 ಲಕ್ಷ ವಿದ್ಯಾರ್ಥಿಗಳು ಭಾಗವಹಿಸಿದರು. ಅಲ್ಲಿ ಯಾವ ವಿದ್ಯಾರ್ಥಿಯೂ ತೇರ್ಗಡೆಯಾಗಲಿಲ್ಲ, ಅನುತ್ತೀರ್ಣನೂ ಆಗಲಿಲ್ಲ. ಆಯ್ದ ಶಾಲೆಗಳ ಮಕ್ಕಳ ಉತ್ತರಗಳಿಂದ ಜಿಲ್ಲೆಯ, ರಾಜ್ಯದ ಕಲಿಕೆಯ ಮಟ್ಟವನ್ನು ಅಂದಾಜು ಮಾಡಲಾಯಿತು. ಒಂದು ಅಗುಳನ್ನು ಹಿಸುಕಿ ಅನ್ನ ಬೆಂದಿದೆಯೇ ಎಂದು ನೋಡುವಂತೆಯೇ ಇದು. ಅಗುಳು ಬೇಯದಿದ್ದರೆ ಯಾರೂ ಅಗುಳನ್ನು ದೂರುವುದಿಲ್ಲ. ಒಲೆಯನ್ನು ನೋಡುತ್ತಾರೆ, ನೀರನ್ನು ನೋಡುತ್ತಾರೆ.

ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಕೇಳುವುದು ನ್ಯಾಯ. ಆದರೆ ಆ ಪ್ರಶ್ನೆಗೆ ಉತ್ತರಿಸುವ ಶಕ್ತಿಯನ್ನು ಗಳಿಸಿಕೊಳ್ಳುವ ಅವಕಾಶವೂ ಎಲ್ಲರಿಗೂ ದೊರೆತಾಗಲೇ ಆ ನ್ಯಾಯ ಪೂರ್ಣವಾಗುತ್ತದೆ. ಮೊದಲನೆಯದು ಒಂದು ಗಂಟೆಯ ಕೆಲಸ. ಎರಡನೆಯದು ವರ್ಷವಿಡೀ ನಡೆಯಬೇಕಾದ ಕೆಲಸ.