ಸೈಟಿಗೆ ಕೈಹಾಕುವ ಮುನ್ನ: ಬಾಯಿಂದ ಮದ್ದು ತುಂಬುವ ರೈಫಲ್‌ನ ತಪ್ಪು ಕಲ್ಪನೆಗಳು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಗೆಂದೇ ಜಿಂಕೆ ಬೇಟೆಯ ಅವಧಿಯೊಂದಿದೆ. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ, 1933ರಲ್ಲಿ ಹುಟ್ಟಿದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಬಾಯಿಂದ ಮದ್ದು ತುಂಬುವ ಕೋವಿಗಳದ್ದೇ ಸ್ಪರ್ಧೆ ನಡೆಸುತ್ತದೆ. ಇಂಥ ಕೋವಿ ಹಿಡಿದವರ ದೂರು ಒಂದೇ: ಗುಂಡು ಒಂದು ಕಡೆ ಬೀಳುತ್ತಿಲ್ಲ. ಬಹುತೇಕ ಸಲ ಕೋವಿಯದ್ದೇನೂ ತಪ್ಪಿರುವುದಿಲ್ಲ. ತುಂಬುವ ಕೈ ಪ್ರತಿಸಲವೂ ಒಂದೇ ಥರ ತುಂಬಿರುವುದಿಲ್ಲ.

ತಪ್ಪು ಕಲ್ಪನೆ: ಗುಂಡು ಬಲಕ್ಕೆ ಬಿತ್ತೇ? ಸೈಟು ಸರಿಸಿ.

ವಾಸ್ತವ: ಒಂದು ಗುಂಡಿನಿಂದ ಏನೂ ಗೊತ್ತಾಗುವುದಿಲ್ಲ. ಮೊದಲು 25 ಗಜ ದೂರದಲ್ಲಿ ಮೂರು ಗುಂಡು ಹೊಡೆದು ನೋಡಿ. ಮೂರೂ ಒತ್ತೊತ್ತಾಗಿ ಬಿದ್ದು, ಗುರಿಯಿಂದ ಮಾತ್ರ ಸರಿದಿದ್ದರೆ ಸೈಟು ಮುಟ್ಟಬಹುದು. ಚೆಲ್ಲಾಪಿಲ್ಲಿಯಾಗಿದ್ದರೆ ಮುಟ್ಟಬೇಡಿ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು, ಮುಂದಿನದ್ದಾದರೆ ತದ್ವಿರುದ್ಧ. ಎರಡು ಸೈಟುಗಳ ನಡುವೆ 30 ಇಂಚು ಅಂತರವಿದ್ದರೆ, 50 ಗಜದಲ್ಲಿ ಗುಂಡನ್ನು 3 ಇಂಚು ಸರಿಸಲು ಸೈಟು ಕದಲಬೇಕಾದ್ದು ಬರೀ 1.27 ಮಿಲಿಮೀಟರ್. ಸುತ್ತಿಗೆ ಹಿಡಿದವರಿಗೆ ಇದು ನೆನಪಿದ್ದರೆ ಸಾಕು.

ತಪ್ಪು ಕಲ್ಪನೆ: ಮದ್ದು ಹೆಚ್ಚಿದಷ್ಟೂ ಗುರಿ ಚೆನ್ನ.

ವಾಸ್ತವ: ಹೆಚ್ಚುವುದು ಒದೆತ. ತಯಾರಕರು ಹೇಳಿದ ಮಿತಿಯೊಳಗೆ ಕಡಿಮೆಯಿಂದ ಶುರುಮಾಡಿ, ಐದೈದು ಗ್ರೇನ್ ಏರಿಸುತ್ತ, ಗುಂಡುಗಳು ಎಲ್ಲಿ ಒತ್ತಾಗಿ ಬೀಳುತ್ತವೋ ಅಲ್ಲಿಗೆ ನಿಲ್ಲಿಸುವುದೇ ಕ್ರಮ. ಕರಿಮದ್ದನ್ನು ಅಳೆಯುವುದು ಅಳತೆ ಕೊಳವೆಯಲ್ಲಿ. ಅದರ ಬದಲಿಗೆ ಬಂದ ಪೈರೋಡೆಕ್ಸ್ ಹಗುರ. ಅದನ್ನೂ ಕೊಳವೆಯಲ್ಲೇ ಅಳೆಯಬೇಕು, ಕರಿಮದ್ದಿನ ತೂಕಕ್ಕೆ ಸಮ ಮಾಡಿ ತೂಗಬಾರದು. ಇನ್ನು ಹೊಗೆರಹಿತ ಮದ್ದು: ಅದಕ್ಕೆಂದೇ ಮಾಡಿರದ ಇಂಥ ಕೋವಿಗೆ ಒಂದು ಚಿಟಿಕೆಯೂ ಕೂಡದು, ನಳಿಗೆ ಸಿಡಿಯುತ್ತದೆ.

ತಪ್ಪು ಕಲ್ಪನೆ: ನಳಿಗೆ ತೊಳೆಯುವುದು ಸಂಜೆ ಮನೆಗೆ ಹೋದ ಮೇಲಿನ ಕೆಲಸ.

ವಾಸ್ತವ: ಹೆಚ್ಚಿನವರು ಎಡವುವುದು ಇಲ್ಲೇ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯಲ್ಲಿ, ಮಸಿಯಲ್ಲಿ ಘನವಾಗಿಯೇ ಉಳಿಯುತ್ತದೆ. ಎರಡು ಮೂರು ಗುಂಡು ಹೊಡೆಯುವಷ್ಟರಲ್ಲಿ, ಗುಂಡನ್ನು ಒಳಗೆ ತಳ್ಳುವ ಕೋಲು ಬಿಗಿಯಾಗಿ ಇಳಿಯತೊಡಗುತ್ತದೆ. ಬಿಗಿ ಬದಲಾದಂತೆ ಗುಂಡಿನ ವೇಗವೂ ಬದಲಾಗುತ್ತದೆ. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆ ಒಮ್ಮೆ, ಒಣಬಟ್ಟೆ ಒಮ್ಮೆ ಆಡಿಸಬೇಕು. ಗುಂಡಿಗೆ ಜಿಡ್ಡು ಬಳಿಯುವುದೂ ಇದಕ್ಕೇ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟಾದ ಕೊಬ್ಬನ್ನು ಹಚ್ಚಿದ್ದೂ ಗುಂಡು ಸಲೀಸಾಗಿ ನಳಿಗೆಯೊಳಗೆ ಇಳಿಯಲೆಂದೇ.

ತಪ್ಪು ಕಲ್ಪನೆ: ಬಾಯಿಗೆ ಹಿಡಿಸುವ ಗುಂಡೆಲ್ಲ ಆ ಕೋವಿಯದ್ದೇ.

ವಾಸ್ತವ: ಮಲೆನಾಡಿನ ಕೇಪಿನ ಕೋವಿಯ ನಳಿಗೆ ಒಳಗೆ ನುಣ್ಣಗಿರುತ್ತದೆ, ಚರೆ ಹಾಕಿದರೂ ನಡೆಯುತ್ತದೆ. ರೈಫಲ್‌ನ ನಳಿಗೆಯಲ್ಲಿ ಸುರುಳಿ ಗೆರೆಗಳಿರುತ್ತವೆ. 66 ಇಂಚಿಗೆ ಒಂದು ಸುತ್ತು ಬರುವ ನಿಧಾನದ ಸುರುಳಿ, ಬಟ್ಟೆ ಸುತ್ತಿದ ಉರುಟು ಸೀಸದ ಗುಂಡಿಗೆ; 28 ಇಂಚಿಗೊಂದು ಸುತ್ತಿನದು ಉದ್ದನೆಯ ಗುಂಡಿಗೆ. ನಿಧಾನದ ಸುರುಳಿಯಲ್ಲಿ ಉದ್ದ ಗುಂಡು ಹಾರಿಸಿದರೆ ಅದು ಲಾಗ ಹಾಕುತ್ತ ಹೋಗಿ ಕಾಗದದಲ್ಲಿ ಅಡ್ಡ ತೂತು ಮಾಡುತ್ತದೆ.

ಗುಂಡಿಗೆ ಸುತ್ತುವ ಬಟ್ಟೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. .50 ಕ್ಯಾಲಿಬರ್ ನಳಿಗೆಗೆ ಸಾಮಾನ್ಯವಾಗಿ 0.490 ಇಂಚಿನ ಗುಂಡು, 0.015 ಇಂಚು ದಪ್ಪದ ಹತ್ತಿಬಟ್ಟೆ. ಎಲ್ಲರೂ ಗುಂಡು ಹಾರಿಸುವುದು ನಿಂತ ಮೇಲೆ ಮುಂದೆ ಹೋಗಿ ನೆಲದಲ್ಲಿ ಬಿದ್ದ ಬಟ್ಟೆ ಹೆಕ್ಕಿ ನೋಡಿ. ಅಂಚು ಸೀದು ಎಳೆ ಬಿಟ್ಟಿದ್ದರೆ ಚಿಂತೆಯಿಲ್ಲ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ಗುಂಡು ಕೂತ ಗುರುತಿನ ಸುತ್ತ ಕೊಯ್ದಂತಿದ್ದರೆ ನಳಿಗೆಯ ಬಾಯಿಯ ಅಂಚೋ ಒಳಗಿನ ಗೆರೆಯೋ ಹರಿತವಾಗಿದೆ ಎಂದರ್ಥ. ನನ್ನ ಮಟ್ಟಿಗೆ, ಐದು ನಿಮಿಷದ ಈ ಪರೀಕ್ಷೆ ದುಬಾರಿ ದುರ್ಬೀನಿಗಿಂತ ಹೆಚ್ಚು ಹೇಳುತ್ತದೆ.

ತಪ್ಪು ಕಲ್ಪನೆ: ಕೋಲಿನಿಂದ ಕುಟ್ಟಿ ಕುಟ್ಟಿ ಗಿಡಿದರೆ ಮದ್ದು ಗಟ್ಟಿಯಾಗಿ ಕೂರುತ್ತದೆ.

ವಾಸ್ತವ: ಕುಟ್ಟಿದರೆ ಮೆತ್ತನೆಯ ಸೀಸ ಜಜ್ಜುತ್ತದೆ. ಒಂದೇ ಸಮನೆ ಒತ್ತಿ, ಗುಂಡು ಮದ್ದಿನ ಮೇಲೆ ಕೂತಾಗ ಕೋಲಿನ ಮೇಲೆ ಬಾಯಿಯ ಮಟ್ಟಕ್ಕೆ ಗುರುತು ಹಾಕಿಕೊಳ್ಳಿ. ಮುಂದಿನ ಸಲ ಗುರುತು ಹೊರಗೆ ಉಳಿದರೆ ಗುಂಡು ಪೂರ್ತಿ ಇಳಿದಿಲ್ಲ. ನಡುವೆ ಖಾಲಿ ಜಾಗವಿಟ್ಟು ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ತಪ್ಪು ಕಲ್ಪನೆ: ಕುದುರೆ ಎಳೆದರೆ ಕೆಲಸ ಮುಗಿಯಿತು.

ವಾಸ್ತವ: ಚಕಮಕಿ ಕೋವಿಯಲ್ಲಿ ಕಿಡಿ ಮೊದಲು ಬಟ್ಟಲಿನ ಮದ್ದಿಗೆ ತಗುಲಿ, ಅಲ್ಲಿಂದ ಸಣ್ಣ ತೂತಿನ ಮೂಲಕ ಒಳಗೆ ದಾಟಬೇಕು. ಆ ಕ್ಷಣದಲ್ಲಿ ಕಣ್ಣೆದುರೇ ಬೆಂಕಿ ಭುಗ್ ಎನ್ನುವುದರಿಂದ ಮುಖ ತಾನಾಗಿ ಹಿಂದೆ ಸರಿಯುತ್ತದೆ, ಗುಂಡು ಎತ್ತಲೋ ಹೋಗುತ್ತದೆ. ರಕ್ಷಣಾ ಕನ್ನಡಕ ಹಾಕಿಕೊಂಡು, ಹೊಗೆ ಏಳುವ ತನಕ ಸೈಟಿನಿಂದ ಕಣ್ಣು ಕೀಳದೆ ಇರುವುದನ್ನು ರೂಢಿಸಿಕೊಳ್ಳಬೇಕು.