ಬಾಣೆಯ ಮೇಲೊಂದು ಪಾಠ

ಕೊಡಗಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಲು ತೊಡಗಿ ನನಗೆ ಹದಿನೆಂಟು ವರ್ಷಗಳಾದುವು. ಈ ಅವಧಿಯಲ್ಲಿ ನನ್ನಿಂದಾದ ತಪ್ಪುಗಳು ಹಲವು. ಅವುಗಳಲ್ಲಿ ಒಂದನ್ನು ವಾಚಕರ ಮುಂದೆ ಒಪ್ಪಿಕೊಳ್ಳದೆ ಇಂದಿನ ವಿಷಯವನ್ನು ಪ್ರಾರಂಭಿಸಲಾರೆ.

೨೦೨೧ರ ಮಳೆಗಾಲ. ಕೊರೊನಾ ವ್ಯಾಧಿಯ ದೆಸೆಯಿಂದ ಕಾಲೇಜಿನ ಬಾಗಿಲು ಮುಚ್ಚಿತ್ತು. ಅಧ್ಯಾಪಕರಾದ ನಾವು ನಮ್ಮ ನಮ್ಮ ಮನೆಗಳಲ್ಲಿ ಮೊಬೈಲ್ ಫೋನನ್ನು ಪುಸ್ತಕಗಳ ರಾಶಿಗೆ ಒರಗಿಸಿಟ್ಟುಕೊಂಡು, ಕಾಣದ ಮುಖಗಳಿಗೆ ಪಾಠ ಹೇಳುತ್ತಿದ್ದೆವು. ನಾನು ಹೇಳುತ್ತಿದ್ದುದು ಪಂಪಭಾರತದ ಕರ್ಣನ ಪ್ರಸಂಗ. ಪ್ರತಿದಿನವೂ ಮೊದಲು ಹೆಸರು ಕರೆಯುವುದು, ‘ಇದ್ದೇನೆ’ ಎಂದವರ ಮುಂದೆ ಗುರುತು ಹಾಕುವುದು, ಉತ್ತರಿಸದವರನ್ನು ಗೈರುಹಾಜರೆಂದು ಬರೆಯುವುದು ಕ್ರಮ. ಒಬ್ಬಳು ಹುಡುಗಿ, ಕಾಫಿ ತೋಟದ ಲೈನ್ ಮನೆಯವಳು, ಕಾಲೇಜಿನಲ್ಲಿದ್ದಾಗ ಪ್ರಶ್ನೆ ಕೇಳದೆ ನನ್ನನ್ನು ಬಿಟ್ಟವಳಲ್ಲ. ಫೋನಿನ ತರಗತಿ ಮೊದಲಾದ ಮೇಲೆ ಒಂದು ದಿನವೂ ಓಗೊಡಲಿಲ್ಲ. ಆರು ವಾರಗಳ ಗೈರುಹಾಜರಿಯನ್ನು ನಾನು ನಿಸ್ಸಂಕೋಚವಾಗಿ ಬರೆದೆ. ಹುಡುಗಿಗೆ ಓದಿನಲ್ಲಿ ಶ್ರದ್ಧೆ ತಪ್ಪಿತೆಂದು ಸಹೋದ್ಯೋಗಿಗಳೊಡನೆ ಆಡಿದ್ದೂ ಉಂಟು.

ಕಾಲೇಜು ಮತ್ತೆ ತೆರೆದಾಗ ಅವಳು ತಂದುಕೊಟ್ಟ ಪ್ರಬಂಧವನ್ನು ಓದಿ ನಾನು ಬೆಚ್ಚಿದೆ. ಪಾಠದ ನಡುವೆ ನಾನು ಬಾಯಿಮಾತಿಗೆಂದು ಆಡಿದ್ದ, ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಹೋಲಿಕೆ ಅದರಲ್ಲಿತ್ತು. ಕರ್ಣನು ದುರ್ಯೋಧನನನ್ನು ತೊರೆಯದಿದ್ದುದು ಋಣಕ್ಕೋ ಸ್ನೇಹಕ್ಕೋ ಎಂದು ನಾನು ಕೇಳಿ, ಉತ್ತರ ಬಾರದೆ, ಬೇಸರದಿಂದ ಮುಂದೆ ಸಾಗಿದ್ದ ಪ್ರಶ್ನೆಗೆ ಎರಡು ಪುಟಗಳ ಉತ್ತರವಿತ್ತು. ಅವಳು ದಿನವೂ ತರಗತಿಯಲ್ಲಿದ್ದಳು! ಲೈನ್ ಮನೆಯಲ್ಲಿ ಸಿಗ್ನಲ್ ಇಲ್ಲದ ಕಾರಣ ತಂದೆಯ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಕಾಲಿಗೆ ಹತ್ತಿದ ಜಿಗಣೆಗಳನ್ನು ಕೀಳುತ್ತ, ಮೇಲಿನ ಬಾಣೆಗೆ ಹತ್ತಿ, ಕೊಡೆಯಡಿ ಕುಳಿತು ಕೇಳುತ್ತಿದ್ದಳು. ಹೆಸರು ಕರೆದಾಗ ‘ಇದ್ದೇನೆ ಸರ್’ ಎನ್ನುತ್ತಲೂ ಇದ್ದಳು. ಅದು ನನಗೆ ಕೇಳಿಸುತ್ತಿರಲಿಲ್ಲ, ಅಷ್ಟೆ. ಹಾಜರಿಯ ಪಟ್ಟಿ ಅದಾಗಲೇ ಮೇಲಕ್ಕೆ ಹೋಗಿತ್ತು. ತಿದ್ದಿಸಲು ನಾನು ಓಡಾಡಿದ್ದು ಫಲಕಾರಿಯಾಗಲಿಲ್ಲ. ಸಿಟ್ಟಾಗಬೇಕಾಗಿದ್ದ ಹುಡುಗಿಯೇ ನನ್ನನ್ನು ಸಮಾಧಾನಪಡಿಸಿದಳು.

ಇದು ಹೇಗೆ ಸಾಧ್ಯವೆಂದು ನಮ್ಮ ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ. ಅವರು ನಕ್ಕು ವಿವರಿಸಿದರು. ಗೋಪುರಕ್ಕೆ ವಿದ್ಯುತ್ತಿನ ಬಲವಿದೆ; ಎತ್ತರದಿಂದ ಗಟ್ಟಿಯಾಗಿ ಕೂಗುತ್ತದೆ. ಅಂಗೈಯಲ್ಲಿನ ಫೋನಿಗೆ ಇರುವುದು ಪುಟ್ಟ ಬ್ಯಾಟರಿ. ಅದರ ದನಿ ಕ್ಷೀಣ. ಆದಕಾರಣ ಸಿಗ್ನಲ್ಲಿನ ಸೀಮೆಯಂಚಿನಲ್ಲಿ ನಿಂತವನಿಗೆ ಗೋಪುರದ ಮಾತು ಕೇಳಿಸುತ್ತದೆ, ಅವನ ಮಾತು ಗೋಪುರವನ್ನು ಮುಟ್ಟುವುದಿಲ್ಲ. ಅಂಚಿನಲ್ಲಿರುವವರು ಕೇಳಬಲ್ಲರು, ಹೇಳಲಾರರು. ಅವರು ಇದನ್ನು ಶಾಸ್ತ್ರದ ಮಾತಾಗಿಯೇ ಹೇಳಿದರು. ನನಗೆ ಮಾತ್ರ ಅದು ಶಾಸ್ತ್ರದಷ್ಟಕ್ಕೆ ನಿಲ್ಲಲಿಲ್ಲ.

ಸುಂಟಿಕೊಪ್ಪದ ಬಳಿಯ ಗುಂಡುಗುತ್ತಿ ತೋಟದಲ್ಲಿ ಬಾಳಿದ ಕೊಡಗಿನ ಗೌರಮ್ಮನವರ ನೆನಪು ನನಗೆ ಆಗ ಬಂದಿತು. ೧೯೧೨ರಲ್ಲಿ ಹುಟ್ಟಿ ೧೯೩೯ರಲ್ಲಿ ತೀರಿಕೊಂಡ ಈಕೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆದರು. ಕಾಡಿನ ನಡುವಣ ತೋಟದ ಮನೆಯಿಂದ ಆ ಕಥೆಗಳು ಕನ್ನಡ ನಾಡನ್ನು ಮುಟ್ಟಿದ್ದು ಅಂಚೆಯವನ ಚೀಲದಲ್ಲಲ್ಲದೆ ಮತ್ತೆ ಹೇಗೆ? ಆ ಚೀಲ ಪತ್ರಿಕೆಗಳನ್ನು ತಂದುಕೊಟ್ಟು ಬರಿದಾಗಿ ಹಿಂದಿರುಗುವ ಚೀಲವಾಗಿದ್ದರೆ ಕೊಡಗಿಗೆ ಒಬ್ಬ ಓದುಗಳು ದೊರೆಯುತ್ತಿದ್ದಳು, ಗೌರಮ್ಮ ದೊರೆಯುತ್ತಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ಪರಿಚಯವಾದದ್ದು ‘ಅಸೋಸಿಯೇಷನ್ ಫಾರ್ ಪ್ರೊಗ್ರೆಸಿವ್ ಕಮ್ಯುನಿಕೇಷನ್ಸ್’ ಎಂಬ ಕೂಟ. ಎಪಿಸಿ ಎಂಬುದು ಅದರ ರೂಢಿಯ ಹೆಸರು. ಅಂತರಜಾಲವೆಂಬ ಮಾತು ನಮ್ಮ ಕಿವಿಗೆ ಬೀಳುವುದಕ್ಕೆ ಮೊದಲೇ, ೧೯೯೦ರಲ್ಲಿ, ಬ್ರಿಟನ್, ಅಮೆರಿಕ, ಸ್ವೀಡನ್, ಕೆನಡಾ, ಬ್ರೆಜಿಲ್, ನಿಕರಾಗುವಾ, ಆಸ್ಟ್ರೇಲಿಯಾ ದೇಶಗಳ ಏಳು ಚಿಕ್ಕ ಜಾಲಗಳು ಸೇರಿ ಅದನ್ನು ಕಟ್ಟಿದುವು. ಇವು ಸರ್ಕಾರಗಳಲ್ಲ, ವ್ಯಾಪಾರದ ಕಂಪನಿಗಳೂ ಅಲ್ಲ. ಶಾಂತಿ, ಪರಿಸರ, ಮಾನವ ಹಕ್ಕು ಮುಂತಾದ ಕೆಲಸಗಳಲ್ಲಿ ತೊಡಗಿದ ಜನ ತಮ್ಮ ಪತ್ರವ್ಯವಹಾರಕ್ಕೆಂದು ಮಾಡಿಕೊಂಡ ಏರ್ಪಾಡುಗಳು. ೧೯೯೨ರಲ್ಲಿ ರಿಯೊ ಡಿ ಜನೈರೊದಲ್ಲಿ ಭೂಮಿಯ ಶೃಂಗಸಭೆ ನಡೆದಾಗ ಬ್ರೆಜಿಲಿನ ಸದಸ್ಯ ಸಂಸ್ಥೆಯೊಡನೆ ಸೇರಿ ಅಲ್ಲಿಗೆ ಬಂದ ಸಂಘಸಂಸ್ಥೆಗಳಿಗೆ ಸಂಪರ್ಕ ಕಲ್ಪಿಸಿದವರು ಇವರು. ೧೯೯೫ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಂತೂ ಕಂಪ್ಯೂಟರುಗಳನ್ನು ಜೋಡಿಸಿ ನಡೆಸಿದವರು ಇವರ ತಂಡದ ಸುಮಾರು ೪೦ ಮಂದಿ ಮಹಿಳೆಯರು. ಯಂತ್ರದ ಮುಂದೆ ಹೆಂಗಸರು ಕುಳಿತು ಕಲಿಸಿದ ಆ ದೃಶ್ಯ ಸಮ್ಮೇಳನದ ಹಲವು ನಿರ್ಣಯಗಳಿಗಿಂತ ಹೆಚ್ಚು ಮಾತನಾಡಿರಬೇಕು ಎಂದು ನನ್ನ ಊಹೆ.

ಈ ಕೂಟ ೨೦೦೧-೦೨ರಲ್ಲಿ ಅಂತರಜಾಲದ ಹಕ್ಕುಗಳ ಸನ್ನದೊಂದನ್ನು ರೂಪಿಸಿ, ೨೦೦೬ರಲ್ಲಿ ಪರಿಷ್ಕರಿಸಿತು. ಏಳು ವಿಷಯಗಳ ಆ ಸನ್ನದಿನಲ್ಲಿ ಎಲ್ಲರಿಗೂ ಜಾಲದ ಪ್ರವೇಶ ಎಂಬುದು ಮೊದಲನೆಯದು. ಆದರೆ ಅದೊಂದೇ ಅಲ್ಲ. ಮಾತಿನ ಮತ್ತು ಕೂಟದ ಸ್ವಾತಂತ್ರ್ಯ, ಜ್ಞಾನದ ಲಭ್ಯತೆ, ಒಡಗೂಡಿ ಕಲಿಯುವ ಮತ್ತು ಸೃಷ್ಟಿಸುವ ಅವಕಾಶ, ಖಾಸಗಿತನ, ಜಾಲವನ್ನು ಆಳುವುದರಲ್ಲಿ ಪಾಲು, ಹಕ್ಕುಗಳ ಅರಿವು ಮತ್ತು ರಕ್ಷಣೆ ಇವೂ ಅದರಲ್ಲಿವೆ. ಪ್ರವೇಶವೆಂದರೆ ಕೇವಲ ಕಿವಿಗಲ್ಲ, ಬಾಯಿಗೂ ಎಂಬುದು ಅದರ ಇಂಗಿತ. ಜನರಿಗೆ ಜಾಲದ ಹೊರಗೆ ಇರುವ ಹಕ್ಕುಗಳೇ ಜಾಲದ ಒಳಗೂ ರಕ್ಷಿತವಾಗತಕ್ಕದ್ದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ೨೦೧೨ರ ಜುಲೈನಲ್ಲಿ ನಿರ್ಣಯಿಸಿತಷ್ಟೆ. ಅದಕ್ಕಾಗಿ ವಾದಿಸಿದವರಲ್ಲಿ ಎಪಿಸಿಯೂ ಒಂದು.

ನಿರ್ಣಯಗಳ ವಿಷಯದಲ್ಲಿ ನನಗೆ ಅಂಥ ಭಕ್ತಿಯೇನೂ ಇಲ್ಲ. ಜಿನೀವಾದಲ್ಲಿ ಕೈಯೆತ್ತಿದ ಮಾತ್ರಕ್ಕೆ ಬಿರುನಾಣಿಯ ಫೋನಿನಲ್ಲಿ ಒಂದು ಗೆರೆ ಹೆಚ್ಚುವುದಿಲ್ಲ. ಆದರೂ ಇಂಥ ಮಾತುಗಳು ಎಲ್ಲಿಯೋ ಒಂದು ಕಡೆ ಇಳಿಯುತ್ತವೆ. ನಮ್ಮ ನೆರೆಯ ಕಲ್ಲಿಕೋಟೆಯ ಕಡೆಯ ಕಾಲೇಜೊಂದರ ವಿದ್ಯಾರ್ಥಿನಿ, ಹಾಸ್ಟೆಲಿನಲ್ಲಿ ಸಂಜೆಯ ಹೊತ್ತು ಮೊಬೈಲ್ ಬಳಸಕೂಡದೆಂಬ ನಿಯಮವನ್ನು ಒಪ್ಪದೆ ಹೊರಹಾಕಿಸಿಕೊಂಡು, ಕೇರಳದ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಅಂತರಜಾಲದ ಲಭ್ಯತೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಅಂಗವೆಂದು ಆ ನ್ಯಾಯಾಲಯ ೨೦೧೯ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಮಾನವ ಹಕ್ಕುಗಳ ಮಂಡಳಿಯ ನಿರ್ಣಯವನ್ನು ಆ ತೀರ್ಪು ಸ್ಮರಿಸಿದೆ. ೨೦೨೦ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಕಾಶ್ಮೀರದ ಮೊಕದ್ದಮೆಯಲ್ಲಿ, ಜಾಲವನ್ನು ಅನಿರ್ದಿಷ್ಟ ಕಾಲ ಮುಚ್ಚುವಂತಿಲ್ಲವೆಂದಿತು. ೨೦೨೫ರ ಏಪ್ರಿಲಿನಲ್ಲಿ ಆಸಿಡ್ ದಾಳಿಗೆ ತುತ್ತಾದವರ ಮತ್ತು ದೃಷ್ಟಿಹೀನರ ಅರ್ಜಿಗಳ ಮೇಲೆ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದಿತು.

ಕಾನೂನಿನ ಮಾತು ಇಲ್ಲಿಗೆ ಸಾಕು. ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ನಮ್ಮ ಹತ್ತಿರದ ಎರಡು ಪ್ರಯತ್ನಗಳು. ಎಪಿಸಿಯ ಸದಸ್ಯತ್ವವುಳ್ಳ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಎಂಬ ಸಂಸ್ಥೆ ಮೈಸೂರಿನಲ್ಲಿ ‘ಪ್ರಕ್ರಿಯೆ’ ಎಂಬ ಕೇಂದ್ರವನ್ನು ತೆರೆದು, ಮಹಿಳಾ ಸಮಖ್ಯಾದ ಸಂಘಗಳ ಹೆಣ್ಣುಮಕ್ಕಳೊಡನೆ ಕೆಲಸಮಾಡಿತು. ಕೊಡಗಿನಿಂದ ಮೈಸೂರಿಗೆ ಇಳಿಯುವ ನಾವು ಚಹಾ ಕುಡಿಯಲು ಮಾತ್ರ ನಿಲ್ಲುವ ಹುಣಸೂರಿನ ಸೀಮೆಯ ಹಳ್ಳಿಗಳೂ ಅದರಲ್ಲಿದ್ದುವು. ಸಂಘದ ಮಹಿಳೆಯರಿಗಾಗಿ ‘ಕೇಳು ಸಖಿ’ ಎಂಬ ವಾರದ ರೇಡಿಯೊ ಕಾರ್ಯಕ್ರಮ ನಡೆಯಿತು. ಅವರ ಬದುಕಿನ ವಿಷಯಗಳನ್ನೇ ಕುರಿತು ಚಿಕ್ಕ ಚಿಕ್ಕ ಚಲನಚಿತ್ರಗಳಾದುವು. ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳು ತೆರೆದುವು. ಅವುಗಳನ್ನು ನೋಡಿಕೊಳ್ಳುವ ಹೊಣೆ ಆ ಊರುಗಳ ತರುಣಿಯರದೇ ಆಯಿತು. ಪಿಂಚಣಿಯ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆಯೆಂದು ಊರಿನ ಹುಡುಗಿಯೇ ಕಂಪ್ಯೂಟರಿನ ಮುಂದೆ ಕುಳಿತು ಹೇಳಬಲ್ಲಳಾದರೆ, ಅರ್ಜಿದಾರರ ಬೆನ್ನು ತುಸು ನೆಟ್ಟಗಾಗದಿರದು.

ಎರಡನೆಯದು ತುಮಕೂರು ಜಿಲ್ಲೆಯ ದೇವರಾಯನದುರ್ಗದ ತಪ್ಪಲಿನದು. ಅಲ್ಲಿನ ದುರ್ಗದಹಳ್ಳಿಯಲ್ಲಿ ‘ಜನಸ್ತು’ ಎಂಬ ಸಂಸ್ಥೆ, ಎಪಿಸಿಯ ಸಮುದಾಯ ಜಾಲಗಳ ಬಳಗದೊಡನೆ ಸಂಬಂಧವಿರಿಸಿಕೊಂಡು, ಊರಿನವರೇ ನಡೆಸಬಹುದಾದ ಜಾಲವನ್ನು ಕಟ್ಟಲು ಹೊರಟಿತು. ಅದರ ಕ್ರಮ ಬಲು ಸರಳ. ಒಂದು ಮನೆಯ ಮಾಡಿನ ಮೇಲೆ ವೈಫೈ ಪೆಟ್ಟಿಗೆ. ಅದು ಕಣ್ಣಿಗೆ ಕಾಣುವ ಮತ್ತೊಂದು ಮನೆಯ ಪೆಟ್ಟಿಗೆಗೆ ಮಾತು ದಾಟಿಸುತ್ತದೆ, ಅದು ಮುಂದಿನದಕ್ಕೆ. ಒಂದು ಕೆಟ್ಟರೆ ಮಾತು ಬೇರೊಂದು ಮನೆಯ ದಾರಿ ಹಿಡಿಯುತ್ತದೆ. ಎತ್ತರ ಬೇಕಾದಲ್ಲಿ ಬಿದಿರಿನ ಗೋಪುರ. ವೈಫೈ ಬಳಸುವ ತರಂಗಗಳಿಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. ಊರೊಳಗೆ ಒಂದು ಚಿಕ್ಕ ಕಂಪ್ಯೂಟರಿದ್ದರೆ, ಹೊರಗಿನ ಅಂತರಜಾಲ ಕಡಿದುಹೋದರೂ ಊರವರು ತಮ್ಮತಮ್ಮಲ್ಲಿ ಮಾತನಾಡಬಹುದು, ಧ್ವನಿಮುದ್ರಣಗಳನ್ನು ಕೂಡಿಡಬಹುದು. ಧ್ವನಿಯೇ ಮುಖ್ಯವಾದುದರಿಂದ ಓದು ಬಾರದ ಅಜ್ಜಿಗೂ ಅಲ್ಲಿ ಸ್ಥಾನವುಂಟು.

ಇದನ್ನು ಓದಿದಾಗ ನನಗೆ ೨೦೧೮ರ ಆಗಸ್ಟ್ ನೆನಪಾಯಿತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟಗಳು ಜಾರಿ ಮನೆಮಠಗಳ ಮೇಲೆ ಬಿದ್ದ ದಿನಗಳು. ವಿದ್ಯುತ್ತು ಹೋಯಿತು, ರಸ್ತೆ ಹೋಯಿತು, ಎಷ್ಟೋ ಕಡೆ ಫೋನು ಮೂಕವಾಯಿತು. ಆಚೆ ಗುಡ್ಡದ ಬಂಧುಗಳು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಪರಿಹಾರ ಕೇಂದ್ರದ ಬಾಗಿಲಲ್ಲಿ ನಿಂತ ಜನರನ್ನು ನಾನು ಕಂಡಿದ್ದೇನೆ. ಬಿದಿರಿನ ಮೇಲಣ ಪೆಟ್ಟಿಗೆಗಳು ಆ ಪ್ರಳಯದಲ್ಲಿ ನಿಲ್ಲುತ್ತಿದ್ದುವೆಂದು ನಾನು ಹೇಳುವುದಿಲ್ಲ. ಬೆಟ್ಟವೇ ನಿಲ್ಲದಿದ್ದಾಗ ಬಿದಿರು ನಿಂತೀತೆ? ಆದರೆ ಎಲ್ಲವೂ ದೂರದ ಒಂದು ಗೋಪುರವನ್ನೇ ನಂಬಿರುವುದಕ್ಕಿಂತ, ಅಕ್ಕಪಕ್ಕದ ಮನೆಗಳು ಒಂದನ್ನೊಂದು ನಂಬಿರುವುದು ಮೇಲಲ್ಲವೆ?

ಗೋಪುರದವರು ನಮ್ಮ ಮೇಲೆ ಹಗೆ ಸಾಧಿಸುತ್ತಾರೆಂದೇನೂ ಅಲ್ಲ. ೨೦೧೧ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ೫,೫೪,೫೧೯; ರಾಜ್ಯದ ಜಿಲ್ಲೆಗಳಲ್ಲಿಯೇ ಅತಿ ಕಡಮೆ. ಇಷ್ಟು ಜನ ೪,೧೦೨ ಚದರ ಕಿಲೋಮೀಟರುಗಳಲ್ಲಿ, ಗುಡ್ಡಕ್ಕೊಂದು ಕಣಿವೆಗೊಂದು ಮನೆಯಂತೆ ಚದರಿದ್ದಾರೆ. ತೋಟದ ನಡುವೆ ಐನ್‌ಮನೆ, ತೋಟದಂಚಿನಲ್ಲಿ ಲೈನ್ ಮನೆ, ಕಾಡಿನಂಚಿನಲ್ಲಿ ಯರವರ ಮತ್ತು ಜೇನುಕುರುಬರ ಹಾಡಿ. ಲೆಕ್ಕ ಹಾಕುವ ವ್ಯಾಪಾರಿಗೆ ಒಂದು ಗೋಪುರದ ಖರ್ಚು ಇಲ್ಲಿ ಹುಟ್ಟುವುದಿಲ್ಲ. ಇಂಥ ಕಡೆಗಳಿಗೆಂದೇ ಫೋನ್ ಕಂಪನಿಗಳ ವರಮಾನದಲ್ಲಿ ಒಂದು ಪಾಲನ್ನು ಪಡೆದು ಕೂಡಿಡುವ ಸರ್ಕಾರದ ನಿಧಿಯೊಂದಿದೆ. ಮೊದಲು ಸಾರ್ವತ್ರಿಕ ಸೇವಾ ಬಾಧ್ಯತೆಯ ನಿಧಿಯೆನಿಸಿದ್ದ ಅದು ೨೦೨೩ರ ದೂರಸಂಪರ್ಕ ಕಾಯಿದೆಯ ತರುವಾಯ ‘ಡಿಜಿಟಲ್ ಭಾರತ ನಿಧಿ’ಯಾಗಿದೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿಯೇ ಹೇಳಿದೆ. ಸ್ವತ್ತು ಸಾರ್ವಜನಿಕವಾದ ಮೇಲೆ ಬಾಣೆಯ ಮೇಲೆ ಕುಳಿತ ಹುಡುಗಿಯೂ ಅದರ ಒಡತಿಯರಲ್ಲಿ ಒಬ್ಬಳು. ಬೆಟ್ಟ ಹತ್ತಿ ಬೇಡಬೇಕಾದವಳಲ್ಲ.

ದುರ್ಗದಹಳ್ಳಿಯ ಸಂಗತಿಯನ್ನು ಕಳೆದ ವರ್ಷ ನಾನು ತರಗತಿಯಲ್ಲಿ ಹೇಳಿದೆ. ಪಠ್ಯಕ್ರಮದಲ್ಲಿ ಇಲ್ಲದ್ದನ್ನು ಹೇಳುವುದು ನನ್ನ ಹಳೆಯ ಚಾಳಿ. ಹಾಡಿಯಿಂದ ಬರುವ ಹುಡುಗನೊಬ್ಬ, ತನ್ನ ಅಜ್ಜಿಯ ಹಾಡುಗಳನ್ನು ಯರವರ ನುಡಿಯಲ್ಲಿಯೇ ಅಂಥ ಜಾಲದಲ್ಲಿ ಇಡಬಹುದೇ ಎಂದು ಕೇಳಿದ. ಇಡಬಹುದು, ಧ್ವನಿಗೆ ಲಿಪಿಯ ಹಂಗಿಲ್ಲ ಎಂದೆ. ಹಿಂದಿನ ಬೆಂಚಿನ ಮತ್ತೊಬ್ಬ ಎದ್ದು ನಿಂತ. “ಅದೆಲ್ಲ ಸರಿ, ಸರ್. ತುಮಕೂರಿನಲ್ಲಿ ಮಳೆ ಕಡಮೆ. ನಮ್ಮಲ್ಲಿ ಜುಲೈ ತಿಂಗಳಿನಲ್ಲಿ ಆ ಬಿದಿರನ್ನು ಹತ್ತಿ ಪೆಟ್ಟಿಗೆ ಸರಿಮಾಡುವವರು ಯಾರು?”

ನನಗೆ ಉತ್ತರ ತೋಚಲಿಲ್ಲ. ಕರಿಮೆಣಸು ಕೊಯ್ಯಲು ಬಿದಿರೇಣಿ ಹತ್ತುವ ತೋಟದ ಮಕ್ಕಳೇ ತರಗತಿಯಲ್ಲಿ ಅರ್ಧ ಪಾಲು ಇದ್ದರು. ಅವರು ತಮ್ಮತಮ್ಮಲ್ಲಿ ಯಾರು ಹತ್ತುವುದು, ಯಾವ ಮರಕ್ಕೆ ಕಟ್ಟಿದರೆ ಗಾಳಿಗೆ ನಿಲ್ಲುತ್ತದೆ ಎಂದು ಚರ್ಚೆಗೆ ತೊಡಗಿದರು. ಗಂಟೆ ಬಾರಿಸಿತು. ಅಂದು ಹಾಜರಿ ಕರೆಯುವುದನ್ನು ನಾನು ಮರೆತಿದ್ದೆ.