ಆಪ್ರವಾಸಿಗಳ ದ್ವೀಪದಲ್ಲಿ ಪ್ರವಾಸಿ

ಮಡಗಾಸ್ಕರಿನ ಪೂರ್ವಕ್ಕೆ ಹಿಂದೂ ಮಹಾಸಾಗರದ ನಡುವೆ ಇರುವ ಮಾರಿಷಸ್ ದ್ವೀಪದಲ್ಲಿ ಮೂಲನಿವಾಸಿಗಳೆಂಬುವವರೇ ಇರಲಿಲ್ಲ. 1638ರಲ್ಲಿ ಅಲ್ಲಿ ನೆಲೆಯೂರಿದ ಡಚ್ಚರು, ಅವರು ಬಿಟ್ಟುಹೋದ ಮೇಲೆ 1715ರಲ್ಲಿ ಬಂದ ಫ್ರೆಂಚರು, 1810ರಲ್ಲಿ ಅದನ್ನು ಗೆದ್ದುಕೊಂಡ ಬ್ರಿಟಿಷರು, ಇವರ ಕೈಕೆಳಗೆ ದುಡಿದ ಆಫ್ರಿಕನ್ನರು ಮತ್ತು ಭಾರತೀಯರು, ಹೀಗೆ ಆಳಿದವರೂ ದುಡಿದವರೂ ಎಲ್ಲರೂ ಹಡಗಿನಿಂದ ಇಳಿದವರೇ. ಕಡಲತೀರಕ್ಕೆಂದು ಅಲ್ಲಿಗೆ ಹೋಗುವ ಪ್ರವಾಸಿಗರಲ್ಲಿ ಹಲವರು ವಸ್ತುಸಂಗ್ರಹಾಲಯಗಳನ್ನು ಮಳೆ ಬಂದ ದಿನಕ್ಕೋ ಕೊನೆಯ ಅರ್ಧ ದಿನಕ್ಕೋ ಮೀಸಲಿಡುತ್ತಾರೆ. ಆದರೆ ಈ ದ್ವೀಪದ ಮಟ್ಟಿಗೆ ಅವುಗಳಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ದಾರಿಯ ಎರಡೂ ಬದಿ ಹಬ್ಬಿರುವ ಕಬ್ಬಿನ ಗದ್ದೆಗಳಾಗಲಿ, ಆ ಗದ್ದೆಗಳ ನಡುವೆ ಗುಡ್ಡೆಗುಡ್ಡೆಯಾಗಿ ಪೇರಿಸಿಟ್ಟ ಕಪ್ಪು ಕಲ್ಲುಗಳಾಗಲಿ ಅವುಗಳನ್ನು ಆರಿಸಿ ಒಟ್ಟಿದ ಕೈಗಳ ಕಥೆ ತಿಳಿಯದೆ ಬರಿಯ ದೃಶ್ಯವಾಗಿಯೇ ಉಳಿಯುತ್ತವೆ.

ಆ ಕಥೆಯ ಬಾಗಿಲು ರಾಜಧಾನಿ ಪೋರ್ಟ್ ಲೂಯಿಯ ಬಂದರಿನ ಅಂಚಿನಲ್ಲಿದೆ. ಅದರ ಹೆಸರು ‘ಆಪ್ರವಾಸಿ ಘಾಟ್’; ಮೊದಲು ಅದನ್ನು ‘ಕೂಲಿ ಘಾಟ್’ ಎಂದು ಕರೆಯುತ್ತಿದ್ದರು. ಹಿಂದಿಯಲ್ಲಿ ‘ಆಪ್ರವಾಸಿ’ ಎಂದರೆ ಹೊರಗಿನಿಂದ ಬಂದು ನೆಲೆಸಿದವನು. ಕನ್ನಡದಲ್ಲಿ ‘ಪ್ರವಾಸಿ’ ಎಂಬುದು ಊರು ನೋಡಿ ಹಿಂದಿರುಗುವವನಿಗೆ ಸಲ್ಲುವ ಮಾತಾದ್ದರಿಂದ, ಕನ್ನಡಿಗನೊಬ್ಬ ಈ ಫಲಕದ ಮುಂದೆ ನಿಂತಾಗ ಒಂದೇ ಒಂದು ಉಪಸರ್ಗದ ಅಂತರದಲ್ಲಿ ಎರಡು ಬಗೆಯ ಪಯಣಗಳು ಎದುರುಬದುರಾಗುತ್ತವೆ.

1835ರ ಫೆಬ್ರವರಿ 1ರಂದು ಮಾರಿಷಸ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಅದಕ್ಕೆ ಮೊದಲೇ, ಕಬ್ಬಿನ ತೋಟಗಳಿಗೆ ಆಳುಗಳ ಕೊರತೆ ಬೀಳಬಾರದೆಂದು, ‘ಕರಾರು ಕೂಲಿ’ ಎಂಬ ಹೊಸ ಪದ್ಧತಿಯನ್ನು ಬ್ರಿಟಿಷರು ಪರೀಕ್ಷೆಗಿಟ್ಟಿದ್ದರು: ನಿಗದಿಯಾದ ವರ್ಷಗಳವರೆಗೆ ನಿಗದಿಯಾದ ಸಂಬಳಕ್ಕೆ ಒಬ್ಬ ಮಾಲೀಕನ ಬಳಿ ದುಡಿಯುವುದಾಗಿ ಬರೆದುಕೊಟ್ಟ ಒಪ್ಪಂದಕ್ಕೆ ಕಟ್ಟುಬಿದ್ದ ದುಡಿಮೆ ಅದು. 1834ರ ನವೆಂಬರ್ 2ರಂದು ಕಲ್ಕತ್ತೆಯಿಂದ ‘ಅಟ್ಲಾಸ್’ ಹಡಗಿನಲ್ಲಿ 36 ಮಂದಿ ಬಂದಿಳಿದರು; 1920ರ ದಶಕದ ಹೊತ್ತಿಗೆ ಹಾಗೆ ಬಂದವರ ಸಂಖ್ಯೆ ನಾಲ್ಕೂವರೆ ಲಕ್ಷವನ್ನು ಮೀರಿತ್ತು. ಮಾರಿಷಸ್‌ನ ಯಶಸ್ಸನ್ನು ಕಂಡು ಇದೇ ಪದ್ಧತಿಯನ್ನು ಕೆರಿಬಿಯನ್ ದ್ವೀಪಗಳಿಗೂ ಫಿಜಿಗೂ ದಕ್ಷಿಣ ಆಫ್ರಿಕಕ್ಕೂ ವಿಸ್ತರಿಸಿದ್ದರಿಂದಲೇ, ಕೂಲಿಗಳು ಬಂದಿಳಿಯುತ್ತಿದ್ದ, ನೋಡಲು ಪುಟ್ಟದಾದ ಈ ಘಾಟನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿ ಕಾಣಲು ಸಿಗುವುದು ಹೆಚ್ಚೇನಿಲ್ಲ: ಅಡುಗೆ ಕೋಣೆಗಳ ಅವಶೇಷ, ಆಸ್ಪತ್ರೆಯ ಕಟ್ಟಡ, ಹೆಬ್ಬಾಗಿಲು, ಮತ್ತು ನೀರಿನ ಕಡೆಯಿಂದ ಮೇಲೇರುವ ಹದಿನಾರು ಮೆಟ್ಟಿಲುಗಳು. ಕಬ್ಬಿನ ಗದ್ದೆಗಳಲ್ಲಿ ಕಂಡ ಅದೇ ಜ್ವಾಲಾಮುಖಿಯ ಕಪ್ಪು ಕಲ್ಲಿನಿಂದ ಕಟ್ಟಿದ ಈ ಮೆಟ್ಟಿಲುಗಳನ್ನು ಎಣಿಸುತ್ತ ಏರಲು ಅರ್ಧ ನಿಮಿಷ ಸಾಕು. ಆದರೆ ವಾರಗಟ್ಟಲೆ ಹಡಗಿನಲ್ಲಿ ಕಳೆದು, ಮಗುವನ್ನೋ ಗಂಟನ್ನೋ ಹಿಡಿದು, ಇನ್ನೂ ಅಲುಗುವಂತೆಯೇ ತೋರುವ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟವರನ್ನು ನೆನೆದಾಗ ಅವು ಸುಲಭವಾಗಿ ಮುಗಿಯುವುದಿಲ್ಲ. ಪಕ್ಕದ ವ್ಯಾಖ್ಯಾನ ಕೇಂದ್ರವನ್ನು ಮೊದಲು ನೋಡಿ ಆಮೇಲೆ ಮೆಟ್ಟಿಲುಗಳಿಗೆ ಬರುವುದು ಲೇಸು.

ಕರಾರು ಕೂಲಿಗಳಿಗೂ ಹಿಂದಿನ ಕಥೆಯನ್ನು ಎರಡು ಕಡೆ ನೋಡಬಹುದು. ಪೋರ್ಟ್ ಲೂಯಿಯ ಹಳೆಯ ಸೈನಿಕ ಆಸ್ಪತ್ರೆಯಲ್ಲಿ 2023ರಲ್ಲಿ ತೆರೆದ ಗುಲಾಮಗಿರಿಯ ವಸ್ತುಸಂಗ್ರಹಾಲಯ ಒಂದು. ದ್ವೀಪದ ನೈರುತ್ಯ ತುದಿಯಲ್ಲಿ ಸಮುದ್ರದಿಂದ ನೇರವಾಗಿ ಎದ್ದು ನಿಂತಿರುವ ಲೆ ಮಾರ್ನ್ ಬೆಟ್ಟ ಇನ್ನೊಂದು. ತಪ್ಪಿಸಿಕೊಂಡ ಗುಲಾಮರು ಈ ಬೆಟ್ಟದ ಗುಹೆಗಳಲ್ಲಿ ಅಡಗಿ ಬಾಳಿದ್ದರು. ಬಿಡುಗಡೆಯ ಸುದ್ದಿ ಹೇಳಲು ಬಂದ ಪೊಲೀಸರನ್ನು ಹಿಡಿಯಲು ಬಂದವರೆಂದೇ ತಿಳಿದು ಮೇಲಿಂದ ಧುಮುಕಿ ಪ್ರಾಣಬಿಟ್ಟರೆಂಬ ಐತಿಹ್ಯವನ್ನು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಅದರ ಬುಡದ ಕಡಲತೀರ ದ್ವೀಪದ ಅತಿ ಚೆಲುವಾದ ತೀರಗಳಲ್ಲೊಂದು.

ಪೋರ್ಟ್ ಲೂಯಿಯಲ್ಲೇ ಇನ್ನೂ ಎರಡು ಸಂಗ್ರಹಾಲಯಗಳಿವೆ. ನಿಸರ್ಗ ವಿಜ್ಞಾನದ ಸಂಗ್ರಹಾಲಯದಲ್ಲಿ, ಹಾರಲಾರದ ಪಕ್ಷಿ ಡೋಡೋವಿನ ಅಸ್ಥಿಪಂಜರವೊಂದಿದೆ. ಬೇರೆಡೆಯ ಅಸ್ಥಿಪಂಜರಗಳು ಹಲವು ಹಕ್ಕಿಗಳ ಮೂಳೆ ಕೂಡಿಸಿ ನಿಲ್ಲಿಸಿದವಾದರೆ, ಇದು ಹೆಚ್ಚುಕಡಿಮೆ ಪೂರ್ತಿಯಾಗಿ ಒಂದೇ ಹಕ್ಕಿಯದು. ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಡುಕಿ ತಂದವನು ಎತಿಯೆನ್ ತಿರಿಯು ಎಂಬ ಕ್ಷೌರಿಕ ಎಂಬುದು ನೆನಪಿಡಬೇಕಾದ ಸಂಗತಿ. ಬ್ಲೂ ಪೆನ್ನಿ ಸಂಗ್ರಹಾಲಯದಲ್ಲಿ 1847ರಲ್ಲಿ ಅಚ್ಚಾದ ಎರಡು ಅಂಚೆಚೀಟಿಗಳಿವೆ, ಒಂದು ಕಿತ್ತಳೆಗೆಂಪು, ಮತ್ತೊಂದು ನೀಲಿ. ಬೆಳಕು ಬಿದ್ದಷ್ಟೂ ಬಣ್ಣ ಮಾಸುವುದರಿಂದ ಮೂಲಪ್ರತಿಗಳ ಮೇಲೆ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹೊತ್ತುತ್ತದೆ. ಉಳಿದ ಹೊತ್ತು ನಕಲುಗಳನ್ನು ನೋಡಿ ತೃಪ್ತಿಪಡಬೇಕು. ಆ ಹತ್ತು ನಿಮಿಷಕ್ಕಾಗಿ ಕಾದು ನಿಲ್ಲುವುದು ಸಾರ್ಥಕ.

ಉತ್ತರದ ಪಾಂಪ್ಲಮೂಸ್‌ನಲ್ಲಿ, 1999ರಲ್ಲಿ ನಿಂತುಹೋದ ಸಕ್ಕರೆ ಕಾರ್ಖಾನೆಯೊಂದನ್ನು ಯಂತ್ರಗಳ ಸಮೇತ ಉಳಿಸಿಕೊಂಡು ಸಂಗ್ರಹಾಲಯ ಮಾಡಿದ್ದಾರೆ. ಸಮೀಪದ ಸಸ್ಯೋದ್ಯಾನದಲ್ಲಿ ಜನ ಮುತ್ತುವುದು ತಟ್ಟೆಯಂಥ ದೊಡ್ಡ ಎಲೆಗಳ ತಾವರೆಕೊಳವನ್ನಾದರೂ, ಕನ್ನಡಿಗರು ಅಲ್ಲಿಯ ಶ್ರೀತಾಳೆ ಮರಗಳ ಕೆಳಗೆ ಒಂದಿಷ್ಟು ನಿಲ್ಲಬೇಕು. ಹತ್ತಾರು ವರ್ಷ ಬೆಳೆದು, ಬದುಕಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಈ ಮರದ ಗರಿಗಳ ಮೇಲೆಯೇ ತುಳುನಾಡಿನಲ್ಲಿ ಎಷ್ಟೋ ಕನ್ನಡ ಗ್ರಂಥಗಳನ್ನು ಕಂಟದಿಂದ ಬರೆದಿಟ್ಟರು.

ಬರೆದಿಟ್ಟದ್ದರ ಬೆಲೆ ಅರಿಯಲು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಗೆ ಹೋಗಬೇಕು. ಬಂದಿಳಿದ ಕೂಲಿಗಳ ದಾಖಲೆ ಪುಸ್ತಕಗಳು ಅಲ್ಲಿವೆ: ಪ್ರತಿಯೊಬ್ಬರ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಊರು, ಬಂದ ಹಡಗು, 1860ರ ದಶಕದ ನಂತರ ಬಂದವರಲ್ಲಿ ಅನೇಕರ ಛಾಯಾಚಿತ್ರಗಳೂ ಇವೆ. ತಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಹುಡುಕಿಕೊಂಡು ಮಾರಿಷಸ್ಸಿಗರು ಅಲ್ಲಿಗೆ ಬರುತ್ತಾರೆ. ಭೋಜಪುರಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದ ಊರಿನ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿರುವುದರಿಂದ, ಮೊಮ್ಮಕ್ಕಳು ಆ ಅಕ್ಷರಗಳನ್ನು ಮೆಲ್ಲಗೆ ಬಾಯಿಬಿಟ್ಟು ಓದಿ, ಹೀಗಿರಬಹುದೇ ಹಾಗಿರಬಹುದೇ ಎಂದು ಉಚ್ಚರಿಸಿ ನೋಡಿ, ಆ ಸದ್ದಿಗೆ ಹೊಂದುವ ಹಳ್ಳಿಯೊಂದನ್ನು ಭಾರತದ ಭೂಪಟದಲ್ಲಿ ಅರಸಬೇಕಾಗುತ್ತದೆ.